ಒಂದು ದೇವರನಾಮ ಮತ್ತು ಅದರ ಧ್ವನಿಮುದ್ರಿಕೆಗಳು

ನಮ್ಮ ಗ್ರಾಮದೇವತೆಯಾದ ಶ್ರೀ ಲಕ್ಷ್ಮೀದೇವಿಯ ಗುಡಿಯ ಜೀರ್ಣೋದ್ಧಾರವು ಆ ತಾಯಿಯ ಕೃಪೆಯಿಂದಲೂ ಸದ್ಭಕ್ತರ ಔದಾರ್ಯದಿಂದಲೂ ಈಗ ಪೂರ್ಣವಾಗಿದೆ. ಈ ಶುಭಸಂದರ್ಭದ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಮಂಡಳಿಯ ಹಿರಿಯರು ನನಗೆ ಅಪ್ಪಣೆಯಿತ್ತರು. ಊರ ದಪ್ತರದ ಲೆಕ್ಕಪತ್ರಗಳಲ್ಲಿಯೇ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದ ನನಗೆ ಶಾಸ್ತ್ರಗಳ ಪರಿಚಯವು ಅತ್ಯಲ್ಪ; ಸಂಗೀತದ ತಿಳಿವಳಿಕೆಯಾದರೋ ಕೇಳಿ ಬಂದುದೇ ಹೊರತು ಗುರುಮುಖದಿಂದ ಕಲಿತುದಲ್ಲ. ಹೀಗಿದ್ದರೂ ಪ್ರತಿ ಶುಕ್ರವಾರ ನಮ್ಮ ಗುಡಿಯಲ್ಲಿ ತಪ್ಪದೆ ಕೇಳಿಬರುವ ಒಂದು ಪದದ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯಮಾಡಿದ್ದೇನೆ. ಆ ಪದವು ಶ್ರೀ ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂಬುದು. ತಪ್ಪಿದ್ದಲ್ಲಿ ವಾಚಕರು ಕ್ಷಮಿಸಿ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ.

ಪದಕರ್ತರು

ಪುರಂದರದಾಸರು ಕ್ರಿ.ಶ. 1484ರಿಂದ 1564ರವರೆಗೆ ಬಾಳಿದರೆಂದು ಸಂಪ್ರದಾಯವು ಹೇಳುತ್ತದೆ. ಅವರ ಜನ್ಮಸ್ಥಳವು ಪುಣೆಯ ಬಳಿಯ ಪುರಂದರಗಡವೆಂದು ಕೆಲವರೂ, ಮಲೆನಾಡಿನ ಕ್ಷೇಮಪುರವೆಂದು ಕೆಲವರೂ ವಾದಿಸುತ್ತಾರೆ. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸನಾಯಕನೆಂಬ ಲೇವಾದೇವಿಯ ವ್ಯಾಪಾರಿ. 'ನವಕೋಟಿ ನಾರಾಯಣ'ನೆಂದು ಹೆಸರಾದವರು. ಬಡ ಬ್ರಾಹ್ಮಣನ ವೇಷದಲ್ಲಿ ಬಂದ ಭಗವಂತನಿಗೆ ಅವರ ಧರ್ಮಪತ್ನಿಯು ಮೂಗುತಿಯನ್ನು ದಾನಮಾಡಿದ ಕಥೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಆ ಪ್ರಸಂಗದ ತರುವಾಯ ಅವರು ಗಳಿಸಿದ ಐಶ್ವರ್ಯವನ್ನೆಲ್ಲ ತ್ಯಜಿಸಿ, ವ್ಯಾಸರಾಯರ ಶಿಷ್ಯರಾಗಿ, ತಂಬೂರಿ ಹಿಡಿದು ಬೀದಿಬೀದಿಯಲ್ಲಿ ಹರಿನಾಮವನ್ನು ಹಾಡಿದರು. ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳ ರಾಗದಲ್ಲಿ ಮೊದಲ ಪಾಠವನ್ನು ಹೇಳುವ ಕ್ರಮವನ್ನು ಹಾಕಿಕೊಟ್ಟವರೂ ಇವರೇ ಎಂದು ದಕ್ಷಿಣದ ವಿದ್ವಾಂಸರು ಇವರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಗೌರವಿಸುತ್ತಾರೆ.

ಇಲ್ಲಿಯೇ ಒಂದು ಪ್ರಶ್ನೆಯು ಏಳುತ್ತದೆ. ಕೈಯಲ್ಲಿದ್ದ ನವಕೋಟಿಯನ್ನು ತುಳಸೀದಳ ಬಿಟ್ಟು ಹೊರನಡೆದ ಮಹಾನುಭಾವರು ಪುನಃ ಲಕ್ಷ್ಮಿಯನ್ನು ಮನೆಗೆ ಕರೆದುದೇಕೆ? ಬಿಟ್ಟುದನ್ನು ಮತ್ತೆ ಬಯಸಿದರೇ? ಈ ಪ್ರಶ್ನೆಗೆ ಉತ್ತರವು ಪದದ ಒಳಗೇ ಇದೆ.

ಪದದ ಭಾವ

ದಾಸರು ದೇವಿಯನ್ನು ಅವಸರದಿಂದ ಬರಲು ಹೇಳುವುದಿಲ್ಲ. ಕಾಲ್ಗಡಗದ ನಾದವು ಕೇಳುವಂತೆ ಒಂದೊಂದೇ ಅಡಿಯನ್ನಿಟ್ಟು ಮೆಲ್ಲನೆ ಬಾ ಎಂದು ಬೇಡುತ್ತಾರೆ. ದಿಡೀರನೆ ಬಂದ ಸಿರಿಯು ದಿಡೀರನೆ ಹೊರಟುಹೋಗುವುದನ್ನು ಕಣ್ಣಾರೆ ಕಂಡ ವ್ಯಾಪಾರಿಯ ಅನುಭವವು ಈ ಮಾತಿನ ಹಿಂದೆ ಇದೆಯೆಂದು ನನ್ನ ಭಾವನೆ. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಹೊಸ ಬಂಡಿ ಕೊಂಡು, ಮಳೆ ತಪ್ಪಿದ ವರ್ಷ ಹೊಲವನ್ನೇ ಒತ್ತೆ ಇಟ್ಟವರ ಹೆಸರುಗಳು ನಮ್ಮ ದಪ್ತರಗಳಲ್ಲಿಯೂ ಸಾಕಷ್ಟಿವೆ.

ಎರಡನೆಯದಾಗಿ ದೇವಿಯ ಆಗಮನಕ್ಕೆ ಅವರು ಕೊಟ್ಟಿರುವ ಉಪಮಾನವನ್ನು ಗಮನಿಸಬೇಕು. ಕಡೆಯುವ ಮಜ್ಜಿಗೆಯಲ್ಲಿ ಬೆಣ್ಣೆ ತೋರುವ ಹಾಗೆ ಆಕೆ ತೋರಬೇಕಂತೆ. ಬೆಣ್ಣೆಯನ್ನು ಹೊರಗಿನಿಂದ ಯಾರೂ ತಂದು ಗಡಿಗೆಯಲ್ಲಿ ಹಾಕುವುದಿಲ್ಲ. ಅದು ಮೊಸರಿನಲ್ಲಿ ಮೊದಲೇ ಅಡಗಿರುತ್ತದೆ. ಕಡೆಗೋಲು ಹಿಡಿದು ತೋಳು ನೋಯುವಂತೆ ಕಡೆದವರಿಗೆ ಮಾತ್ರ ಮೇಲಕ್ಕೆ ಬಂದು ಕಾಣಿಸುತ್ತದೆ. ಆದಕಾರಣ ದಾಸರು ಕರೆಯುವ ಭಾಗ್ಯವು ಪೆಟ್ಟಿಗೆಯ ಹಣವಲ್ಲವೆಂಬುದು ಸ್ಪಷ್ಟ. ದುಡಿಮೆಯಿಂದಲೂ ಭಕ್ತಿಯಿಂದಲೂ ಮನೆಯ ಒಳಗಿನಿಂದಲೇ ಎದ್ದುಬರುವ ಸಮೃದ್ಧಿಯದು. ಕೊನೆಯ ಚರಣದಲ್ಲಿ ಶುಕ್ರವಾರದ ಪೂಜೆಯನ್ನು ನೆನೆದು, ದೇವಿಯನ್ನು ತಮ್ಮ ಅಂಕಿತದೇವನಾದ ಪುರಂದರವಿಠಲನ ರಾಣಿಯೆಂದು ಕರೆದು ಪದವನ್ನು ಮುಗಿಸುತ್ತಾರೆ. ಸ್ವಾಮಿಯನ್ನು ಬಿಟ್ಟು ಬರುವ ಲಕ್ಷ್ಮಿಯು ಅವರಿಗೆ ಬೇಡ. ಬಿಟ್ಟುದನ್ನು ಮತ್ತೆ ಬಯಸಿದರೇ ಎಂಬ ಪ್ರಶ್ನೆಗೆ ಇದೇ ಸಮಾಧಾನವು.

ಮಟ್ಟು

ದಾಸರು ಪದಗಳನ್ನು ಸ್ವರಹಾಕಿ ಬರೆದಿಡಲಿಲ್ಲ. ಅವು ಬಾಯಿಂದ ಬಾಯಿಗೆ, ತಾಯಿಯಿಂದ ಮಗಳಿಗೆ, ಭಜನೆಯಿಂದ ಭಜನೆಗೆ ದಾಟಿ ಬಂದವು. 19ನೆಯ ಶತಮಾನದ ನಡುಗಾಲದಲ್ಲಿ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯು ಮಂಗಳೂರಿನಲ್ಲಿ ದಾಸರ ಪದಗಳನ್ನು ಕಲೆಹಾಕಿ ಅಚ್ಚುಮಾಡಿಸಿದನು. ಮುಂದೆ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರಂತಹ ಪುಣ್ಯಾತ್ಮರು ಹಳೆಯ ಕೈಬರಹಗಳನ್ನು ಹುಡುಕಿ ಸಾವಿರಾರು ಹರಿದಾಸಕೃತಿಗಳನ್ನು ಉಳಿಸಿದರು. ಆದರೆ ಪುಸ್ತಕದಲ್ಲಿ ಉಳಿದುದು ಮಾತು ಮಾತ್ರ; ಮಟ್ಟು ಉಳಿದುದು ಕಂಠಗಳಲ್ಲಿ.

ದಕ್ಷಿಣದ ಸಂಗೀತಸಭೆಗಳಲ್ಲಿ ಈ ಪದವನ್ನು ಸಾಮಾನ್ಯವಾಗಿ ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ. ಗಾಂಧಾರ ಮತ್ತು ಧೈವತಗಳನ್ನು ಬಿಟ್ಟು ಐದೇ ಸ್ವರಗಳಿಂದಾದ ರಾಗವದು. ಕಛೇರಿಯಲ್ಲಿ ಆದ ದೋಷಗಳೆಲ್ಲ ಅದರಿಂದ ಪರಿಹಾರವಾಗುವುವೆಂಬ ನಂಬಿಕೆಯಿರುವುದರಿಂದ ಮಂಗಳದ ಕಾಲಕ್ಕೆ ಅದನ್ನು ಹಾಡುವ ರೂಢಿಯುಂಟು. ನಮ್ಮ ಕಡೆಯ ಹಿಂದುಸ್ತಾನಿ ಪದ್ಧತಿಯಲ್ಲಿ ಮಧುಮಾದ ಸಾರಂಗವೆಂಬುದಕ್ಕೂ ಇವೇ ಸ್ವರಗಳು. ಇವೆರಡೂ ಅಲ್ಲದೆ ನಮ್ಮ ಊರ ಹೆಂಗಸರು ಬೀಸುವ ಪದದ ಧಾಟಿಯನ್ನು ಹೋಲುವ ಒಂದು ಮಟ್ಟಿನಲ್ಲಿ ಇದನ್ನು ಹೇಳುತ್ತ ಬಂದಿದ್ದಾರೆ. ಅದಕ್ಕೆ ಯಾವ ರಾಗವೆಂದು ಕೇಳಿದರೆ "ನಮ್ಮವ್ವ ಹಿಂಗಽ ಅಂತಿದ್ಳು" ಎಂಬುದೊಂದೇ ಉತ್ತರ.

ಹೀಗಿರುವಲ್ಲಿ ಇವುಗಳಲ್ಲಿ ಮೂಲ ಯಾವುದು, ನಕಲು ಯಾವುದು? ಮೂಲ ದಸ್ತಾವೇಜು ಸಿಕ್ಕದೆ ಹಲವು ನಕಲುಗಳು ಮಾತ್ರ ಸಿಕ್ಕಾಗ ಲೆಕ್ಕಿಗನು ಅಕ್ಷರದ ಅಂದವನ್ನು ನೋಡುವುದಿಲ್ಲ. ಒಳಗಿನ ಒಕ್ಕಣೆಯು ಒಂದೇ ಇದೆಯೇ, ಕೊನೆಯಲ್ಲಿ ಸಹಿಯಿದೆಯೇ ಎಂದು ನೋಡುತ್ತಾನೆ. ಈ ಪದದ ಧ್ವನಿಮುದ್ರಿಕೆಗಳನ್ನು ಪರೀಕ್ಷಿಸಲು ನನಗೆ ತಿಳಿದ ಕ್ರಮವೂ ಅದೊಂದೇ.

ಧ್ವನಿಮುದ್ರಿಕೆಗಳು

ಭಾರತದಲ್ಲಿ ಗ್ರಾಮಫೋನ್ ಕಂಪನಿಯವರು ಹಾಡುಗಳನ್ನು ಮುದ್ರಿಸಲು ಪ್ರಾರಂಭಿಸಿದುದು 1902ರಲ್ಲಿ, ಕಲಕತ್ತೆಯಲ್ಲಿ. ಆ ಕಾಲದ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಗಾನವು ಮಾತ್ರ. ಗವಾಯಿಗಳು ರಾತ್ರಿಯಿಡೀ ಹಾಡುವ ರಾಗವನ್ನು ಅಷ್ಟರೊಳಗೆ ಅಡಕಮಾಡಬೇಕಾಯಿತು. ಪದಗಳನ್ನು ಹಾಡುವವರು ಚರಣಗಳನ್ನು ಬಿಡಬೇಕಾಯಿತು. ಮುಂದೆ ದೊಡ್ಡ ತಟ್ಟೆಗಳೂ, 1980ರ ದಶಕದಲ್ಲಿ ಊರೂರಿಗೆ ಕ್ಯಾಸೆಟ್ಟುಗಳೂ ಬಂದು ಕಾಲದ ಇಕ್ಕಟ್ಟು ತೀರಿತಾದರೂ ಚರಣ ಬಿಡುವ ರೂಢಿಯು ಪೂರ್ತಿ ತೊಲಗಲಿಲ್ಲ. ಅಂಕಿತವಿರುವ ಕೊನೆಯ ಚರಣವನ್ನೇ ಬಿಟ್ಟು ಮುಗಿಸಿದಾಗ ಅದು ಸಹಿಯಿಲ್ಲದ ಪತ್ರದಂತಾಗುತ್ತದೆ. ಪದವು ಯಾರದೆಂಬುದನ್ನೂ ಲಕ್ಷ್ಮಿಯು ಯಾರ ರಾಣಿಯೆಂಬುದನ್ನೂ ಹೇಳುವುದು ಆ ಒಂದು ಚರಣವೇ ಅಲ್ಲವೆ?

ಈ ಪದವನ್ನು ಹಾಡಿ ಮುದ್ರಿಸಿದ ಮಹನೀಯರು ಅನೇಕರು. ಶ್ರೀಮತಿ ಎಂ.ಎಸ್. ಸುಬ್ಬುಲಕ್ಷ್ಮಿಯವರು (1916–2004) ಮಧುರೆಯವರು, ಮನೆಮಾತು ತಮಿಳು. ಆದರೂ ಅವರ ಕಂಠದಲ್ಲಿ ಕನ್ನಡದ ಒಂದೊಂದು ಅಕ್ಷರವೂ ತೊಳೆದಿಟ್ಟ ಪೂಜೆಯ ಪಾತ್ರೆಯಂತೆ ಕಾಣಿಸುತ್ತದೆ. ಪರಭಾಷೆಯ ಮಾತನ್ನು ಅದನ್ನು ಬಲ್ಲವರಿಂದ ಕೇಳಿ ತಿಳಿದು ಹಾಡಬೇಕೆಂಬ ಅವರ ಶ್ರದ್ಧೆಯು ಎರಡು ಭಾಷೆಗಳ ನಡುವೆ ಬಾಳುವ ನಮಗೆ ಮಾದರಿಯಾದುದು. ಕದ್ರಿ ಗೋಪಾಲನಾಥರು (1949–2019) ಇದೇ ಪದವನ್ನು ಸ್ಯಾಕ್ಸೋಫೋನ್ ಎಂಬ ಪಾಶ್ಚಾತ್ಯ ವಾದ್ಯದಲ್ಲಿ ನುಡಿಸಿದರು. ಅಲ್ಲಿ ಮಾತೇ ಇಲ್ಲ. ಆದರೂ ಕೇಳುವವರ ಬಾಯಲ್ಲಿ ಮಾತು ತಾನಾಗಿ ಮೂಡುತ್ತದೆ. 1986ರಲ್ಲಿ ಡಾ. ರಾಜಕುಮಾರರು ಅಭಿನಯಿಸಿದ ಚಲನಚಿತ್ರವೊಂದು ಈ ಪದದ ಮೊದಲ ಮಾತನ್ನೇ ಹೆಸರಾಗಿ ಇಟ್ಟುಕೊಂಡಿತು. ವಿದ್ಯಾಭೂಷಣರೇ ಮೊದಲಾದವರ ಕ್ಯಾಸೆಟ್ಟುಗಳು ದಾಸರ ಪದಗಳನ್ನು ಸಂಗೀತಸಭೆಯ ಮೆಟ್ಟಿಲು ಹತ್ತದವರ ಅಡಿಗೆಮನೆಗೂ ತಲುಪಿಸಿದವು.

ಆದರೆ ನಮ್ಮ ಜತ್ತ ಸೀಮೆಯವರಿಗೆ ಎಲ್ಲಕ್ಕಿಂತ ಹತ್ತಿರವಾದುದು ಪಂಡಿತ ಭೀಮಸೇನ ಜೋಶಿಯವರ (1922–2011) ಗಾಯನ. ಶಂಕರನಾಗ್ ಅವರ 'ನೋಡಿ ಸ್ವಾಮಿ ನಾವಿರೋದು ಹೀಗೆ' ಎಂಬ ಚಲನಚಿತ್ರದಲ್ಲಿ ಸೇರಿದ ಮೇಲಂತೂ ಅದು ಮನೆಮಾತಾಯಿತು. ಗದುಗಿನ ಸೀಮೆಯ ಆ ಮಗನು ಪುಣೆಯಲ್ಲಿ ನೆಲೆಸಿ, 'ದಾಸವಾಣಿ'ಯೆಂದು ಕನ್ನಡದ ಪದಗಳನ್ನೂ 'ಸಂತವಾಣಿ'ಯೆಂದು ಮರಾಠಿಯ ಅಭಂಗಗಳನ್ನೂ ಒಂದೇ ಭಕ್ತಿಯಿಂದ ಹಾಡಿದರು. ಅವರ ಕಂಠದಲ್ಲಿ ಕರೆಯು ಒಂದೇ ಬಾರಿಗೆ ಮುಗಿಯುವುದಿಲ್ಲ. ಅದೇ ಮಾತನ್ನು ಒಮ್ಮೆ ಮಗುವಿನಂತೆ, ಒಮ್ಮೆ ಹಟಮಾಡುವವನಂತೆ, ಒಮ್ಮೆ ಕೈಮುಗಿದವನಂತೆ ಬೇರೆಬೇರೆ ಬಗೆಯಾಗಿ ಕರೆಯುತ್ತಾರೆ.

ಭೀಮಸೇನರ ಜೀವನವೇ ಧ್ವನಿಮುದ್ರಿಕೆಯ ಮಹಿಮೆಗೆ ಸಾಕ್ಷಿ. ಬಾಲ್ಯದಲ್ಲಿ ಅವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಠುಮರಿಯ ತಟ್ಟೆಯನ್ನು ಕೇಳಿ ಮೈಮರೆತು, ಅಂತಹ ಸಂಗೀತವನ್ನು ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಹೊರಟುಬಿಟ್ಟರು. ಊರೂರು ಅಲೆದು ಕಡೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರನ್ನು ಗುರುವಾಗಿ ಪಡೆದರು. ಆ ಖಾನಸಾಹೇಬರು (1872–1937) ಬಾಳಿದುದೂ ಮಣ್ಣಾದುದೂ ನಮ್ಮ ಜಿಲ್ಲೆಯ ಮಿರಜೆಯಲ್ಲಿಯೇ. ತಟ್ಟೆಯೊಂದು ಹುಡುಗನನ್ನು ಗುರುವಿನ ಮನೆಗೆ ಕಳುಹಿಸಿತು. ಅದನ್ನು ಕೇಳಿ ಆ ಬಾಲಕನು ಸುಮ್ಮನೆ ಕುಳಿತಿದ್ದರೆ ನಮಗೆ ಭೀಮಸೇನರು ಲಭಿಸುತ್ತಿರಲಿಲ್ಲ.

ಇನ್ನು ಈಚೆಗೆ ಬಂದಿರುವ ಕೆಲವು ಮುದ್ರಿಕೆಗಳ ವಿಷಯ. ಅವುಗಳಲ್ಲಿ ವಾದ್ಯಗಳ ಅಬ್ಬರವು ಹೆಚ್ಚು. ತಾಳವು ಓಡುವ ಕುದುರೆಯಂತಿರುತ್ತದೆ. ಹೊಸದೆಂಬ ಕಾರಣಕ್ಕಾಗಿ ನಾನು ಅವನ್ನು ಹಳಿಯುವುದಿಲ್ಲ. ದಾಸರ ಪದವು ಊರ ಗಾಯರಾನವಿದ್ದಂತೆ; ಅದರಲ್ಲಿ ಯಾರ ದನವಾದರೂ ಮೇಯಬಹುದು. 1957ರ ಕೃತಿಸ್ವಾಮ್ಯದ ಕಾನೂನು ಮುದ್ರಿಕೆಗೆ 60 ವರ್ಷಗಳ ಒಡೆತನವನ್ನು ಕೊಡುತ್ತದೆಯೇ ಹೊರತು ದಾಸರ ಪದಕ್ಕೆ ಒಡೆಯರನ್ನು ಗೊತ್ತುಮಾಡುವುದಿಲ್ಲ. ಆದರೆ ಒಕ್ಕಣೆಯನ್ನು ನೋಡಬೇಕೆಂದು ಮೊದಲೇ ಹೇಳಿದೆನಷ್ಟೆ. ಮೆಲ್ಲನೆ ಅಡಿಯಿಟ್ಟು ಬಾ ಎಂದು ಬೇಡುವ ಪದವನ್ನು ಓಟದ ತಾಳದಲ್ಲಿ ಹಾಡಿದರೆ ದೇವಿಯು ಯಾವುದನ್ನು ಕೇಳಬೇಕು, ಬಾಯ ಮಾತನ್ನೋ, ತಾಳದ ಅವಸರವನ್ನೋ? ರಾಗವನ್ನು ಬದಲಿಸಬಹುದು, ವಾದ್ಯವನ್ನು ಬದಲಿಸಬಹುದು. ಪದದ ನಡಿಗೆಯನ್ನು ಬದಲಿಸಿದರೆ ಅರ್ಥವೇ ಬದಲಾಗುತ್ತದೆ.

ಎರಡು ಭಾಷೆ, ಒಂದು ವಿಠಲ

ನಮ್ಮ ಊರವರು ಆಷಾಢದಲ್ಲಿ ಪಂಢರಪುರಕ್ಕೆ ನಡೆದುಹೋಗುತ್ತಾರೆ. ದಾರಿಯುದ್ದಕ್ಕೂ ಅಭಂಗ ಹೇಳುತ್ತಾರೆ. ಮನೆಗೆ ಬಂದು ಶುಕ್ರವಾರ ದಾಸರ ಪದ ಹೇಳುತ್ತಾರೆ. ದಾಸರ ಅಂಕಿತದಲ್ಲಿರುವ ವಿಠಲನೂ ಇಟ್ಟಿಗೆಯ ಮೇಲೆ ನಿಂತ ವಿಠೋಬನೂ ಬೇರೆಯಲ್ಲ. ಜ್ಞಾನೇಶ್ವರ ಮಹಾರಾಜರು ಒಂದು ಅಭಂಗದಲ್ಲಿ ಆ ಸ್ವಾಮಿಯನ್ನು ಕನ್ನಡಿಗನೆಂದೇ ಕರೆದಿದ್ದಾರೆ. 1970ರ ಮರಾಠಿ ಚಲನಚಿತ್ರವೊಂದಕ್ಕೆ ಗ.ದಿ. ಮಾಡಗೂಳಕರರು ಬರೆದ 'ಕಾನಡಾ ರಾಜಾ ಪಂಢರೀಚಾ' ಎಂಬ ಗೀತವನ್ನು ಸುಧೀರ ಫಡಕೆಯವರೊಡನೆ ಹಾಡಿದವರೂ ಭೀಮಸೇನರೇ. ಆದ್ದರಿಂದ ಭಾಷೆಯ ಜಗಳಕ್ಕೆ ಈ ವಿಷಯದಲ್ಲಿ ಎಡೆಯಿಲ್ಲ.

ಆದರೂ ಒಂದು ಕಷ್ಟವನ್ನು ಹೇಳದೆ ಇರಲಾರೆ. ನಮ್ಮ ಮಕ್ಕಳಲ್ಲಿ ಅನೇಕರು ಈಗ ಮರಾಠಿ ಶಾಲೆಗಳಲ್ಲಿ ಓದುತ್ತಾರೆ. ಮನೆಯಲ್ಲಿ ಕನ್ನಡವಾಡಿದರೂ ಕನ್ನಡವನ್ನು ಓದಲಾರರು. ಅವರು ಈ ಪದವನ್ನು ಕೈಯಲ್ಲಿನ ಫೋನಿನಿಂದ ಬಾಲಬೋಧ ಲಿಪಿಯಲ್ಲಿ ನೋಡಿ ಕಲಿಯುತ್ತಾರೆ. ಮರಾಠಿಯನ್ನು ಬರೆಯುವ ಬಾಲಬೋಧದಲ್ಲಿ ಹ್ರಸ್ವ ಎಕಾರವೂ ಹ್ರಸ್ವ ಒಕಾರವೂ ಇಲ್ಲ. ಅದರಿಂದ ಗೆಜ್ಜೆಯು 'ಗೇಜ್ಜೇ' ಆಗುತ್ತದೆ, ಹೆಜ್ಜೆಯು 'ಹೇಜ್ಜೇ' ಆಗುತ್ತದೆ, ಬೆಣ್ಣೆಯು 'ಬೇಣ್ಣೇ' ಆಗುತ್ತದೆ. ಪದದ ಕೊನೆಯ ಅಕಾರವು ಮರಾಠಿಯ ನಾಲಗೆಯಲ್ಲಿ ನಿಲ್ಲದ ಕಾರಣ ಬಾರಮ್ಮ ಎಂಬುದನ್ನು 'ಬಾರಮ್ಮಾ' ಎಂದು ಬರೆಯುತ್ತಾರೆ. ಮಕ್ಕಳ ತಪ್ಪಲ್ಲ, ಲಿಪಿಯ ತಪ್ಪೂ ಅಲ್ಲ, ಅದು ತನ್ನ ಭಾಷೆಗೆ ಸರಿಯಾಗಿಯೇ ಇದೆ. ಕಲಿಸಬೇಕಾದ ನಾವು ಕಲಿಸದೆ ಇದ್ದುದೇ ತಪ್ಪು. ಪದದಲ್ಲಿ ಬರುವ ಈ ನಾಲ್ಕಾರು ಮಾತುಗಳನ್ನು ಅಜ್ಜಿಯ ಮುಂದೆ ಕುಳಿತು ಹತ್ತು ಸಲ ಹೇಳಿದರೆ ತಿದ್ದಿಹೋಗುವಂತಹ ತಪ್ಪು ಇದು.

ಗುಡಿಯಲ್ಲಿ ನಡೆದುದು

ಈಗ ನನ್ನದೇ ಒಂದು ಅಪರಾಧವನ್ನು ನಿವೇದಿಸಬೇಕಾಗಿದೆ. ಜೀರ್ಣೋದ್ಧಾರದ ಕಾಲದಲ್ಲಿ ಗುಡಿಗೆ ಧ್ವನಿವರ್ಧಕವನ್ನು ತರಿಸಬೇಕೆಂದು ಸೂಚಿಸಿದವನು ನಾನೇ. ಖರ್ಚಿನ ಪಟ್ಟಿಯಲ್ಲಿ ಅದನ್ನು ಬರೆದವನೂ ನಾನೇ. ಅದನ್ನು ಕಟ್ಟಿದ ಮೊದಲ ಶುಕ್ರವಾರ ದೇವಿಗೆ ಒಳ್ಳೆಯ ಸಂಗೀತದ ಸೇವೆಯಾಗಲೆಂಬ ಉತ್ಸಾಹದಿಂದ, ಹೆಸರಾಂತ ಗಾಯಕರ ಮುದ್ರಿಕೆಗಳನ್ನೆಲ್ಲ ಒಂದಾದ ಮೇಲೊಂದರಂತೆ ಹಚ್ಚಿಸಿದೆನು. ಗುಡಿಯೆಲ್ಲ ನಾದದಿಂದ ತುಂಬಿತು. ಎಂದಿನಂತೆ ಪದ ಹೇಳಲು ಬಂದಿದ್ದ ಏಳೆಂಟು ಹೆಂಗಸರು ಕಂಬದ ಬಳಿ ಕುಳಿತು, ಕೈಯಲ್ಲಿ ತಾಳ ಹಿಡಿದುಕೊಂಡೇ ಕೇಳಿದರು. ಮಂಗಳಾರತಿಯಾದ ಮೇಲೆ ಎದ್ದರು. ಅವರಲ್ಲಿ ಹಿರಿಯಳಾದ, ಎಂಬತ್ತು ದಾಟಿದ ಒಬ್ಬ ತಾಯಿಯು ಮೆಟ್ಟಿಲು ಇಳಿಯುವಾಗ ನನ್ನನ್ನು ನೋಡಿ, "ಛಲೋ ಹಾಡ್ಯಾರಪಾ. ಆದ್ರ ನಾ ಪದಾ ಹೇಳಾಕ ಬಂದಿದ್ದೆ, ಕೇಳಾಕ ಅಲ್ಲ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮರುವಾರ ಆಕೆ ಬರಲಿಲ್ಲ.

ಆ ರಾತ್ರಿ ನನಗೆ ಬೆಣ್ಣೆಯ ಉಪಮಾನವು ನೆನಪಿಗೆ ಬಂದಿತು. ಯಾರೋ ಕಡೆದ ಬೆಣ್ಣೆಯನ್ನು ತಂದು ನಮ್ಮ ಗಡಿಗೆಯಲ್ಲಿ ಹಾಕಿ, ನಮ್ಮ ಕಡೆಗೋಲನ್ನು ಮೂಲೆಗೆ ಇಟ್ಟ ಹಾಗಾಯಿತಲ್ಲವೆ? ಗರ್ಭಗುಡಿಯ ಕಲ್ಲನ್ನೂ ಸವೆದ ಹೊಸ್ತಿಲನ್ನೂ ಅಲುಗಿಸದೆ ಸೋರುವ ಮಾಳಿಗೆಯನ್ನು ಮಾತ್ರ ತೆಗೆದು ಹೊಸದನ್ನು ಹಾಕಬೇಕೆಂದು ಹಟಹಿಡಿದ ಮಂಡಳಿಯವರಲ್ಲಿ ನಾನೂ ಒಬ್ಬನು. ಕಲ್ಲಿನ ವಿಷಯದಲ್ಲಿ ಇದ್ದ ವಿವೇಕವು ಕಂಠದ ವಿಷಯದಲ್ಲಿ ನನಗೆ ಇಲ್ಲದೆ ಹೋಯಿತು. ಮೂರನೆಯ ವಾರ ನಾನೇ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಬೇಡಿ ಕರೆದುಕೊಂಡು ಬಂದೆನು. ಅಂದು ಯಂತ್ರವನ್ನು ಮುಚ್ಚಿಟ್ಟು ಅವರೆಲ್ಲ ಪದ ಹೇಳಿದರು. ಸ್ವರವು ಅಲ್ಲಲ್ಲಿ ನಡುಗಿತು. ಒಂದು ಚರಣದಲ್ಲಿ ಇಬ್ಬರಿಗೆ ಮಾತು ಮರೆತು ಮೂರನೆಯವಳು ಎತ್ತಿಕೊಟ್ಟಳು. ಅಂಕಿತದ ಚರಣವನ್ನು ಮಾತ್ರ ಯಾರೂ ಬಿಡಲಿಲ್ಲ.

ವಿನಂತಿ

ಆದಕಾರಣ ಭಕ್ತಮಹಾಜನರಲ್ಲಿ ನನ್ನ ವಿನಂತಿಗಳು ಇಷ್ಟೇ.

ಒಂದು: ಶುಕ್ರವಾರದ ಪೂಜೆಯಲ್ಲಿ ಮೊದಲು ನಮ್ಮ ಹೆಂಗಸರ ಪದ, ಆ ಮೇಲೆ ಸಮಯವಿದ್ದರೆ ಮುದ್ರಿಕೆ. ಮಹಾಗಾಯಕರನ್ನು ಕೇಳುವುದೂ ಪುಣ್ಯವೇ. ಆದರೆ ಕೇಳಿದವರು ಬಾಲಕ ಭೀಮಸೇನನಂತೆ ಎದ್ದು ಕಲಿಯಲು ಹೊರಡಬೇಕು.

ಎರಡು: ನಮ್ಮ ಊರ ಮಟ್ಟು ಯಾವ ತಟ್ಟೆಯಲ್ಲಿಯೂ ಇಲ್ಲ. ಅದನ್ನು ಪೂರ್ತಿಯಾಗಿ ಬಲ್ಲವರು ಇನ್ನು ಮೂವರು ಮಾತ್ರ. ಎಲ್ಲರ ಜೇಬಿನಲ್ಲಿಯೂ ಧ್ವನಿಯನ್ನು ಹಿಡಿಯುವ ಯಂತ್ರವಿರುವ ಈ ಕಾಲದಲ್ಲಿ ಅವರ ಕಂಠವನ್ನು, ಅವರ ಒಪ್ಪಿಗೆಯನ್ನು ಪಡೆದು, ಎಲ್ಲ ಚರಣಗಳೊಡನೆ ಮುದ್ರಿಸಿ ಗುಡಿಯಲ್ಲಿ ಇರಿಸಬೇಕು.

ಮೂರು: ಪದದ ಪಾಠವನ್ನು ಕನ್ನಡ ಅಕ್ಷರಗಳಲ್ಲಿ ದಪ್ಪಗೆ ಬರೆಯಿಸಿ ಕಂಬದ ಮೇಲೆ ತೂಗಹಾಕಬೇಕು, ಅದರ ಕೆಳಗೆ ಮಕ್ಕಳಿಗಾಗಿ ಬಾಲಬೋಧದಲ್ಲಿಯೂ ಬರೆಯಿಸಬೇಕು. ಮೇಲಿನ ಸಾಲನ್ನು ನೋಡುತ್ತ ಕೆಳಗಿನ ಸಾಲನ್ನು ಓದುವ ಮಗುವು ಒಂದು ವರ್ಷದಲ್ಲಿ ಮೇಲಿನದನ್ನೇ ಓದೀತು.

ನಾಲ್ಕು: ಪ್ರತಿ ಮನೆಯಿಂದ ಒಂದು ಮಗುವಾದರೂ, ಗಂಡಾಗಲಿ ಹೆಣ್ಣಾಗಲಿ, ಶುಕ್ರವಾರ ಸಂಜೆ ಆ ಹಿರಿಯರ ಹಿಂದೆ ಕುಳಿತು ದನಿಗೂಡಿಸಬೇಕು.

ಫೇರಫಾರ ಬರೆಯುವಾಗ ಹೊಲದ ಗಟ್ಟು ನಂಬರು ಬದಲಾಗುವುದಿಲ್ಲ. ಉಳುವವರ ಹೆಸರು ಬದಲಾಗುತ್ತದೆ. ತಂದೆಯ ಹೆಸರಿನ ಕೆಳಗೆ ಮಕ್ಕಳ ಹೆಸರನ್ನು ಏರಿಸುವುದು ನನ್ನ ನಿತ್ಯದ ಕೆಲಸ. ವಾರಸುದಾರರು ಅರ್ಜಿ ಕೊಡದಿದ್ದರೆ ನಾನಾಗಿ ಹೆಸರು ಹಚ್ಚಲು ಬರುವುದಿಲ್ಲ. ಪದದ ವಾರಸುದಾರಿಕೆಯೂ ಹಾಗೆಯೇ. ಬಾಯಿ ತೆರೆದು ಹೇಳಿದವರ ಹೆಸರಿಗೆ ಮಾತ್ರ ಅದು ಏರುತ್ತದೆ.

ಈ ಸಂಚಿಕೆಯನ್ನು ಅಚ್ಚಿಗೆ ಕಳುಹಿಸುವ ಹೊತ್ತಿಗೆ ನಾಲ್ವರು ಹುಡುಗಿಯರೂ ಒಬ್ಬ ಹುಡುಗನೂ ಕಂಬದ ಬಳಿ ಕುಳಿತುಕೊಳ್ಳಲು ಪ್ರಾರಂಭಿಸಿದ್ದಾರೆ. ಹುಡುಗನು ಇನ್ನೂ 'ಗೇಜ್ಜೇ' ಎನ್ನುತ್ತಾನೆ. ಆ ತಾಯಿಯು ಪ್ರತಿ ಸಲವೂ ನಿಲ್ಲಿಸಿ, ನಕ್ಕು, ಗೆಜ್ಜೆ ಎಂದು ಹೇಳಿಕೊಡುತ್ತಾಳೆ. ಒಂದೊಂದೇ ಅಡಿಯನ್ನಿಟ್ಟು ಬರುವ ದೇವಿಗೆ ಅವಸರವಿಲ್ಲ, ನಮಗೂ ಬೇಡ.

ಶ್ರೀ ಲಕ್ಷ್ಮೀದೇವಿಯು ಸಕಲ ಭಕ್ತರಿಗೂ ಸನ್ಮಂಗಳವನ್ನು ಉಂಟುಮಾಡಲಿ.